ಮಾರಿಷಸ್ ದ್ವೀಪವೂ ಅದರ ಚರಿತ್ರೆಯೂ

ಭೂಪಟವನ್ನು ಬಿಡಿಸಿ ಹಿಂದೂ ಮಹಾಸಾಗರದ ದಕ್ಷಿಣಭಾಗವನ್ನು ನೋಡಿದರೆ, ಮಡಗಾಸ್ಕರ್ ಎಂಬ ದೊಡ್ಡ ದ್ವೀಪದ ಪೂರ್ವಕ್ಕೆ ಸೂಜಿಯ ಮೊನೆಯಿಂದ ಚುಚ್ಚಿದಂತೆ ಒಂದೆರಡು ಚುಕ್ಕೆಗಳು ಕಾಣುವುವು. ಅವುಗಳಲ್ಲೊಂದು ಮಾರಿಷಸ್. ಕಡಲಿನ ಗಾಳಿಯೂ ಸೋಕದ ಹೊಸದುರ್ಗದ ಸೀಮೆಯಲ್ಲಿ ಬಾಳುವ ನಮಗೆ ಆ ಚುಕ್ಕೆಯ ಚರಿತ್ರೆಯಿಂದ ಆಗಬೇಕಾದುದೇನು ಎಂದು ವಾಚಕರು ಕೇಳಬಹುದು. ಅದಕ್ಕೆ ನಮ್ಮ ಉತ್ತರವು ಎರಡು ಬಗೆಯಾಗಿರುವುದು. ಒಂದಾನೊಂದು ಕಾಲದಲ್ಲಿ ಆ ದ್ವೀಪದಲ್ಲಿ ಪ್ರಕಟವಾದ ಒಂದೇ ಒಂದು ಕಾಗದವು ನಮ್ಮ ಮೈಸೂರು ಸೀಮೆಯ ರಾಜ್ಯಭಾರವನ್ನೇ ತಲೆಕೆಳಗು ಮಾಡುವುದಕ್ಕೆ ನೆಪವಾಯಿತು. ಇದಲ್ಲದೆ, ಆ ದ್ವೀಪದ ಜನರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿ ನಮ್ಮ ಭರತಖಂಡದಿಂದ ಕೂಲಿಗಾಗಿ ಹೋದವರ ಸಂತತಿಯವರು. ಓದುಬರಹವಿಲ್ಲದ ಕಾರಣ ಮೋಸಹೋದವರು ಓದುಬರಹದಿಂದಲೇ ತಲೆಯೆತ್ತಿದ ಬಗೆಯನ್ನು ಅವರ ಚರಿತ್ರೆಯು ಸ್ಪಷ್ಟವಾಗಿ ತೋರಿಸುವುದು. ಮಕ್ಕಳನ್ನು ಶಾಲೆಗೆ ಕಳುಹಿಸುವ ತಂದೆತಾಯಿಗಳೂ, ಶಾಲೆಯಲ್ಲಿ ಕಲಿತು ಹೋದ ಸೋದರಿಯರೂ ಅದನ್ನು ಅರಿತಿರುವುದು ಒಳ್ಳೆಯದೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತೇವೆ.

ಸ್ಥಾನ ಮತ್ತು ಸ್ವರೂಪ

ಮಾರಿಷಸ್ ದ್ವೀಪವು ಸಮಭಾಜಕ ವೃತ್ತದಿಂದ ದಕ್ಷಿಣಕ್ಕೆ ಸುಮಾರು 20 ಅಕ್ಷಾಂಶಗಳ ದೂರದಲ್ಲಿರುವುದು. ಮಡಗಾಸ್ಕರಿನಿಂದ ಅದಕ್ಕೆ ಸುಮಾರು 500 ಮೈಲಿ. ನಮ್ಮ ಮಂಗಳೂರಿನಿಂದ ನೈರುತ್ಯ ದಿಕ್ಕಿಗೆ ನೇರವಾಗಿ ಎಣಿಸಿದರೆ ಸುಮಾರು 2,500 ಮೈಲಿ. ಅದರ ಉದ್ದ 40 ಮೈಲಿ, ಅಗಲ 28 ಮೈಲಿ ಇರಬಹುದು. ವಿಸ್ತೀರ್ಣವು ಸುಮಾರು 720 ಚದರ ಮೈಲಿ. ನಮ್ಮ ಚಿತ್ರದುರ್ಗ ಜಿಲ್ಲೆಯ ವಿಸ್ತೀರ್ಣವು 3,200 ಚದರ ಮೈಲಿಗೂ ಮೇಲ್ಪಟ್ಟಿರುವುದರಿಂದ, ಜಿಲ್ಲೆಯ ಕಾಲುಭಾಗದಷ್ಟೂ ಆ ದ್ವೀಪವಿಲ್ಲವೆಂದು ತಿಳಿಯಬೇಕು. ಆದರೂ ಅಲ್ಲಿ ಹನ್ನೆರಡು ಲಕ್ಷಕ್ಕೂ ಹೆಚ್ಚು ಜನರು ವಾಸಿಸುತ್ತಾರೆ. ರಾಜಧಾನಿಯ ಹೆಸರು ಪೋರ್ಟ್ ಲೂಯಿ. ಪೂರ್ವಕ್ಕೆ 350 ಮೈಲಿಗಳಾಚೆ ಇರುವ ರೋಡ್ರಿಗ್ಸ್ ಎಂಬ ಕಿರುದ್ವೀಪವೂ, ಅಗಲೇಗ ಮೊದಲಾದ ಸಣ್ಣ ದ್ವೀಪಗಳೂ ಅದೇ ರಾಷ್ಟ್ರಕ್ಕೆ ಸೇರಿವೆ.

ಈ ದ್ವೀಪವು ಸಮುದ್ರದ ತಳದಿಂದ ಜ್ವಾಲಾಮುಖಿಯ ಮೂಲಕ ಮೇಲೆದ್ದು ಬಂದುದು. ಆದುದರಿಂದ ಅಲ್ಲಿನ ನೆಲವೆಲ್ಲ ಕರಿಗಲ್ಲಿನಿಂದ ತುಂಬಿದೆ. ಅತ್ಯಂತ ಎತ್ತರವಾದ ಶಿಖರವು 2,700 ಅಡಿಗಳಿಗಿಂತ ಸ್ವಲ್ಪ ಹೆಚ್ಚಾಗಿದೆ. ಸುತ್ತಲೂ ಹವಳದ ದಿಬ್ಬಗಳು ಕೋಟೆಯ ಗೋಡೆಯಂತೆ ನಿಂತು ಅಲೆಗಳ ರಭಸವನ್ನು ತಡೆಯುವುವು. ಮಳೆಯು ಮಧ್ಯದ ಪ್ರಸ್ಥಭೂಮಿಯಲ್ಲಿ ಹೇರಳವಾಗಿ ಬೀಳುವುದು. ಪಶ್ಚಿಮದ ತೀರದಲ್ಲಿ ಕಡಿಮೆ. ಡಿಸೆಂಬರಿನಿಂದ ಏಪ್ರಿಲಿನವರೆಗೆ ಚಂಡಮಾರುತಗಳ ಭಯವುಂಟು. 1960ನೆಯ ಇಸವಿಯಲ್ಲಿ ಬೀಸಿದ ಕ್ಯಾರೊಲ್ ಎಂಬ ಬಿರುಗಾಳಿಯು ಸಾವಿರಾರು ಮನೆಗಳನ್ನು ನೆಲಸಮ ಮಾಡಿತು. ಕಬ್ಬು ಮಾತ್ರ ಬಾಗಿ ಮತ್ತೆ ಏಳುವ ಸ್ವಭಾವದ ಬೆಳೆಯಾದುದರಿಂದ ಆ ಗಾಳಿಯ ನಾಡಿನಲ್ಲಿ ಚೆನ್ನಾಗಿ ಒಗ್ಗಿಕೊಂಡಿತು.

ಮೊದಲಿಗರಿಲ್ಲದ ನಾಡು

ಅನ್ಯದೇಶಗಳ ಚರಿತ್ರೆಯಲ್ಲಿ ಮೊದಲು ಮೂಲನಿವಾಸಿಗಳ ವಿಷಯ ಬರುವುದು ವಾಡಿಕೆ. ಮಾರಿಷಸ್ಸಿಗೆ ಮೂಲನಿವಾಸಿಗಳೇ ಇಲ್ಲ. ಅರಬ್ಬೀ ನಾವಿಕರಿಗೆ ಅದು ಗೊತ್ತಿತ್ತು. ಹದಿನಾರನೆಯ ಶತಮಾನದ ಆದಿಯಲ್ಲಿ ಪೋರ್ಚುಗೀಸರೂ ಅದನ್ನು ಕಂಡರು. ಆದರೆ ಯಾರೂ ಅಲ್ಲಿ ನೆಲೆಸಲಿಲ್ಲ. 1598ರಲ್ಲಿ ಡಚ್ಚರ ಹಡಗುಗಳು ಅಲ್ಲಿ ಲಂಗರು ಹಾಕಿದವು. ಅವರು ತಮ್ಮ ರಾಜಪುತ್ರನಾದ ಮಾರಿಸ್ ಎಂಬವನ ಹೆಸರನ್ನು ದ್ವೀಪಕ್ಕಿಟ್ಟರು. 1638ರಲ್ಲಿ ಮೊದಲ ವಸತಿಯನ್ನು ಮಾಡಿ, ನಡುವೆ ಕೆಲಕಾಲ ಬಿಟ್ಟುಹೋಗಿ, ಮತ್ತೆ ಬಂದು, ಕಡೆಗೆ 1710ರಲ್ಲಿ ಶಾಶ್ವತವಾಗಿ ತೊರೆದುಹೋದರು. ಅವರು ಜಾವಾ ದ್ವೀಪದಿಂದ ಕಬ್ಬನ್ನೂ ಜಿಂಕೆಗಳನ್ನೂ ತಂದರು. ಕರಿಮರದ ಕಾಡುಗಳನ್ನು ಕಡಿದು ಮಾರಿದರು.

ಆ ಕಾಲದಲ್ಲಿ ನಾಶವಾದುದು ಡೋಡೋ ಎಂಬ ಪಕ್ಷಿ. ಅದು ಪಾರಿವಾಳದ ಕುಲಕ್ಕೆ ಸೇರಿದುದಾದರೂ ಬಾತುಕೋಳಿಗಿಂತಲೂ ಬಹು ದೊಡ್ಡದು. ಹಿಂಸ್ರಪ್ರಾಣಿಗಳಿಲ್ಲದ ದ್ವೀಪದಲ್ಲಿ ಅನೇಕ ಯುಗಗಳ ಕಾಲ ನೆಮ್ಮದಿಯಾಗಿದ್ದು ಹಾರುವುದನ್ನೇ ಮರೆತಿತ್ತು. ಮನುಷ್ಯನನ್ನು ಕಂಡು ಓಡುವುದೂ ಅದಕ್ಕೆ ತಿಳಿಯದು. ನಾವಿಕರು ಅದನ್ನು ಬಡಿದು ತಿಂದರು. ಅವರೊಡನೆ ಬಂದ ಇಲಿ, ಹಂದಿ, ಕೋತಿಗಳು ನೆಲದ ಮೇಲಿನ ಮೊಟ್ಟೆಗಳನ್ನು ತಿಂದವು. ಡಚ್ಚರು ಕಾಲಿಟ್ಟ ನೂರು ವರ್ಷಗಳೊಳಗಾಗಿ ಭೂಲೋಕದಲ್ಲಿ ಒಂದು ಡೋಡೋ ಸಹ ಉಳಿಯಲಿಲ್ಲ. ಈಗ ಅದರ ಚಿತ್ರವು ಆ ರಾಷ್ಟ್ರದ ಲಾಂಛನದಲ್ಲಿ ಮಾತ್ರ ನಿಂತಿರುವುದು.

ಫ್ರೆಂಚರ ಕಾಲ

1715ರಲ್ಲಿ ಫ್ರೆಂಚರು ದ್ವೀಪವನ್ನು ವಶಪಡಿಸಿಕೊಂಡು ಅದಕ್ಕೆ ಈಲ್ ದ ಫ್ರಾನ್ಸ್, ಅಂದರೆ ಫ್ರಾನ್ಸ್ ದ್ವೀಪ, ಎಂದು ಹೆಸರಿಟ್ಟರು. 1735ರಲ್ಲಿ ಗವರ್ನರನಾಗಿ ಬಂದ ಲಾ ಬೂರ್ದೊನೇ ಎಂಬ ಸಮರ್ಥನು ಪೋರ್ಟ್ ಲೂಯಿಯನ್ನು ಒಳ್ಳೆಯ ಬಂದರನ್ನಾಗಿ ಮಾಡಿ, ರಸ್ತೆ, ಆಸ್ಪತ್ರೆ, ನೀರಿನ ಕಾಲುವೆಗಳನ್ನು ಕಟ್ಟಿಸಿ, ಸಕ್ಕರೆಯ ಉದ್ಯಮಕ್ಕೆ ತಳಹದಿ ಹಾಕಿದನು. 1746ರಲ್ಲಿ ಮದರಾಸನ್ನು ಆಂಗ್ಲೇಯರಿಂದ ಕಿತ್ತುಕೊಂಡವನೂ ಈತನೇ. ಪುದುಚೇರಿಯಿಂದ ಬಡಗಿಗಳನ್ನೂ ಕಲ್ಲುಕುಟಿಗರನ್ನೂ ಆ ದ್ವೀಪಕ್ಕೆ ಕರೆಸಿಕೊಂಡರು.

ಆದರೆ ಈ ವೈಭವದ ಭಾರವನ್ನು ಹೊತ್ತವರು ಗುಲಾಮರು. ಮಡಗಾಸ್ಕರಿನಿಂದಲೂ ಮೊಜಾಂಬಿಕ್ ತೀರದಿಂದಲೂ, ಕೆಲವರನ್ನು ಭರತಖಂಡದಿಂದಲೂ ಹಿಡಿದು ತಂದು ಮಾರುತ್ತಿದ್ದರು. ಹದಿನೆಂಟನೆಯ ಶತಮಾನದ ಅಂತ್ಯದಲ್ಲಿ ಅಲ್ಲಿನ ಹತ್ತು ಜನರಲ್ಲಿ ಎಂಟು ಜನರು ಗುಲಾಮರಾಗಿದ್ದರು. ತಪ್ಪಿಸಿಕೊಂಡು ಓಡಿದವರು ನೈರುತ್ಯ ಮೂಲೆಯಲ್ಲಿರುವ ಲ ಮೋರ್ನ್ ಎಂಬ ಕಡಿದಾದ ಬೆಟ್ಟದಲ್ಲಿ ಅಡಗುತ್ತಿದ್ದರು. ಗುಲಾಮತನವು ರದ್ದಾಯಿತೆಂಬ ಸಂತೋಷವಾರ್ತೆಯನ್ನು ತಿಳಿಸಲು ಸಿಪಾಯಿಗಳು ಬೆಟ್ಟವನ್ನೇರಿದಾಗ, ತಮ್ಮನ್ನು ಹಿಡಿಯಲು ಬಂದರೆಂದು ಬಗೆದು ಅವರು ಪ್ರಪಾತಕ್ಕೆ ಹಾರಿ ಪ್ರಾಣಬಿಟ್ಟರೆಂಬ ಐತಿಹ್ಯವು ಈಗಲೂ ಪ್ರಚಾರದಲ್ಲಿದೆ. ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ, 1794ರಲ್ಲಿ, ಪ್ಯಾರಿಸ್ ನಗರದ ಸಭೆಯು ಗುಲಾಮತನವನ್ನು ರದ್ದುಮಾಡಿತು. ಅದನ್ನು ಜಾರಿಗೆ ತರಲು 1796ರಲ್ಲಿ ಬಂದ ಇಬ್ಬರು ಪ್ರತಿನಿಧಿಗಳನ್ನು ದ್ವೀಪದ ತೋಟದೊಡೆಯರು ಹಡಗು ಹತ್ತಿಸಿ ಹಿಂದಕ್ಕೆ ಅಟ್ಟಿಬಿಟ್ಟರು. ಸ್ವಾತಂತ್ರ್ಯ, ಸಮಾನತೆ, ಸೋದರತ್ವಗಳ ಘೋಷಣೆಯು ಕಬ್ಬಿನ ಗದ್ದೆಯ ಅಂಚಿನಲ್ಲಿಯೇ ನಿಂತಿತು.

ಮೈಸೂರಿಗೂ ದ್ವೀಪಕ್ಕೂ ಬಂದ ಸಂಬಂಧ

ಇನ್ನು ನಮ್ಮ ಸೀಮೆಯ ವಿಷಯಕ್ಕೆ ಬರೋಣ. 1779ರಲ್ಲಿ ಹೈದರಾಲಿಯು ಮದಕರಿನಾಯಕನಿಂದ ಚಿತ್ರದುರ್ಗವನ್ನು ಗೆದ್ದುಕೊಂಡ ಮೇಲೆ ನಮ್ಮ ನಾಡು ಶ್ರೀರಂಗಪಟ್ಟಣದ ಆಳ್ವಿಕೆಗೆ ಒಳಪಟ್ಟಿತೆಂಬುದು ಎಲ್ಲರಿಗೂ ತಿಳಿದ ಸಂಗತಿ. ಅವನ ಮಗನಾದ ಟಿಪ್ಪು ಸುಲ್ತಾನನು 1792ರ ಸಂಧಿಯಲ್ಲಿ ಅರ್ಧರಾಜ್ಯವನ್ನು ಕಳೆದುಕೊಂಡು, ಆಂಗ್ಲೇಯರನ್ನು ಎದುರಿಸಲು ಫ್ರೆಂಚರ ಸಹಾಯವನ್ನು ಅಪೇಕ್ಷಿಸುತ್ತಿದ್ದನು. 1797ರಲ್ಲಿ ರಿಪೋ ಎಂಬ ಫ್ರೆಂಚ್ ಕಡಲುಗಳ್ಳನ ಹಡಗು ಕೆಟ್ಟುಹೋಗಿ ಮಂಗಳೂರಿಗೆ ಬಂದು ಸೇರಿತು. ತಾನು ಫ್ರಾನ್ಸ್ ದ್ವೀಪದ ಪ್ರತಿನಿಧಿಯೆಂದೂ, ಅಲ್ಲಿ ದೊಡ್ಡ ಸೈನ್ಯವು ಸಿದ್ಧವಾಗಿರುವುದೆಂದೂ ಅವನು ಸುಲ್ತಾನನನ್ನು ನಂಬಿಸಿದನು. ಮಂತ್ರಿಗಳಲ್ಲಿ ಕೆಲವರು ಸಂದೇಹಪಟ್ಟರೂ ಸುಲ್ತಾನನು ಗುಟ್ಟಾಗಿ ಇಬ್ಬರು ರಾಯಭಾರಿಗಳನ್ನು ಕಳುಹಿಸಿದನು.

1798ರ ಜನವರಿಯಲ್ಲಿ ಅವರು ಪೋರ್ಟ್ ಲೂಯಿಯಲ್ಲಿ ಇಳಿದಾಗ ಅಲ್ಲಿ ಕೊಡಬಲ್ಲ ಸೈನ್ಯವೇ ಇರಲಿಲ್ಲ. ಗವರ್ನರನಾದ ಮಾಲರ್ತಿಕನು ರಾಯಭಾರಿಗಳನ್ನು ಆಡಂಬರದಿಂದ ಸ್ವಾಗತಿಸಿ, ಅದೇ ತಿಂಗಳ 30ನೆಯ ತಾರೀಖು ಒಂದು ಬಹಿರಂಗ ಪ್ರಕಟಣೆಯನ್ನು ಹೊರಡಿಸಿದನು. ಟಿಪ್ಪು ಸುಲ್ತಾನನು ಆಂಗ್ಲೇಯರನ್ನು ಭರತಖಂಡದಿಂದ ಓಡಿಸಲು ಫ್ರೆಂಚರೊಡನೆ ಸ್ನೇಹವನ್ನು ಬಯಸಿರುವನೆಂದೂ, ಇಷ್ಟವುಳ್ಳವರು ಅವನ ಸೇವೆಗೆ ಸೇರಬಹುದೆಂದೂ ಅದರ ತಾತ್ಪರ್ಯ. ಗುಟ್ಟಾಗಿರಬೇಕಾದ ಸಂಗತಿಯನ್ನು ಹೀಗೆ ಡಂಗುರ ಹೊಯ್ಯಿಸಿದಂತಾಯಿತು. ಆ ಕರೆಗೆ ಓಗೊಟ್ಟು ಏಪ್ರಿಲಿನಲ್ಲಿ ಮಂಗಳೂರಿಗೆ ಬಂದಿಳಿದವರು ನೂರು ಮಂದಿಯಷ್ಟೇ.

ಆ ಕಾಗದದ ಪ್ರತಿಯು ಜೂನ್ ತಿಂಗಳಲ್ಲಿ ಕಲ್ಕತ್ತೆಯ ವೃತ್ತಪತ್ರಿಕೆಯಲ್ಲಿ ಅಚ್ಚಾಗಿ ಹೊಸ ಗವರ್ನರ್ ಜನರಲ್ ವೆಲ್ಲೆಸ್ಲಿಯ ಕಣ್ಣಿಗೆ ಬಿತ್ತು. ಫ್ರೆಂಚರ ಬಲವನ್ನು ಭರತಖಂಡದಲ್ಲಿ ಮುರಿಯಬೇಕೆಂದು ಮೊದಲೇ ಮನಸ್ಸು ಮಾಡಿದ್ದ ಅವನಿಗೆ ಬೇಕಾದ ನೆಪವು ಅದರಿಂದ ದೊರೆಯಿತು. 1799ನೆಯ ಮೇ 4ನೆಯ ತಾರೀಖು ಶ್ರೀರಂಗಪಟ್ಟಣವು ಬಿದ್ದು ಸುಲ್ತಾನನು ಹತನಾದನು; ಮೈಸೂರು ರಾಜ್ಯವು ಒಡೆಯರ ವಂಶಕ್ಕೆ ಮರಳಿತು. ಯುದ್ಧಕ್ಕೆ ಕಾರಣಗಳು ಬೇರೆಯೂ ಅನೇಕವಿದ್ದವು. ಆದರೂ ನೂರೇ ಸಿಪಾಯಿಗಳನ್ನು ಕೊಟ್ಟ ಆ ಪ್ರಕಟಣೆಯು ಸುಲ್ತಾನನಿಗೆ ಉಪಕಾರ ಮಾಡದೆ ಅವನ ವೈರಿಗಳಿಗೆ ಆಯುಧವಾದುದು ನಿಶ್ಚಯ.

ಆಂಗ್ಲೇಯರ ಆಳ್ವಿಕೆ

ಆ ದ್ವೀಪದಿಂದ ಹೊರಡುವ ಫ್ರೆಂಚ್ ಹಡಗುಗಳು ಆಂಗ್ಲೇಯರ ವ್ಯಾಪಾರಕ್ಕೆ ಬಹಳ ಹಾನಿಮಾಡುತ್ತಿದ್ದವು. 1810ರ ಆಗಸ್ಟಿನಲ್ಲಿ ಗ್ರಾಂ ಪೋರ್ಟ್ ಎಂಬಲ್ಲಿ ನಡೆದ ಜಲಯುದ್ಧದಲ್ಲಿ ಫ್ರೆಂಚರೇ ಗೆದ್ದರು. ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ ಭರತಖಂಡದ ಸಿಪಾಯಿಗಳನ್ನೂ ಒಳಗೊಂಡ ಆಂಗ್ಲ ಸೈನ್ಯವು ದ್ವೀಪವನ್ನು ವಶಮಾಡಿಕೊಂಡಿತು. 1814ರ ಪ್ಯಾರಿಸ್ ಒಪ್ಪಂದದಿಂದ ಅದು ಸ್ಥಿರವಾಯಿತು. ಮಾರಿಷಸ್ ಎಂಬ ಹಳೆಯ ಹೆಸರು ಮರಳಿ ಬಂದಿತು. ಆದರೆ ಅಲ್ಲಿನವರ ಭಾಷೆ, ಮತ, ಕಾಯಿದೆ, ಆಸ್ತಿಗಳನ್ನು ಮುಟ್ಟುವುದಿಲ್ಲವೆಂದು ಆಂಗ್ಲೇಯರು ವಾಗ್ದಾನ ಮಾಡಿದ್ದುದರಿಂದ, ಧ್ವಜವು ಬದಲಾದರೂ ತೋಟದೊಡೆಯರ ಪ್ರಾಬಲ್ಯವು ಬದಲಾಗಲಿಲ್ಲ.

1835ನೆಯ ಫೆಬ್ರವರಿ 1ರಿಂದ ಗುಲಾಮತನವು ಕಾಯಿದೆಯ ಪ್ರಕಾರ ರದ್ದಾಯಿತು. ಬಿಡುಗಡೆ ಹೊಂದಿದವರು ಅರುವತ್ತು ಸಾವಿರಕ್ಕೂ ಮಿಕ್ಕಿದ್ದರು. ಸರ್ಕಾರವು ಇಪ್ಪತ್ತು ಲಕ್ಷ ಪೌನಿಗೂ ಮೇಲ್ಪಟ್ಟ ಪರಿಹಾರಧನವನ್ನು ಕೊಟ್ಟಿತು. ಅದು ಸಂದದ್ದು ಗುಲಾಮರಿಗಲ್ಲ, ಅವರ ಯಜಮಾನರಿಗೆ. ಇನ್ನು ಕೆಲವು ವರ್ಷ ಅದೇ ಯಜಮಾನರಲ್ಲಿ ದುಡಿಯಬೇಕೆಂಬ ನಿರ್ಬಂಧವನ್ನೂ ಬಿಡುಗಡೆಯಾದವರ ಮೇಲೆ ಹೇರಲಾಯಿತು. 1839ರಲ್ಲಿ ಅದೂ ತೀರಿದಾಗ ಬಹುಮಂದಿ ಕಬ್ಬಿನ ಗದ್ದೆಗೆ ಬೆನ್ನು ತಿರುಗಿಸಿ ಹೊರಟುಹೋದರು.

ಗಿರ್‌ಮಿಟಿನ ಕೂಲಿಗಳು

ಹಾಗಾದರೆ ಸಕ್ಕರೆಗೆ ದುಡಿಯುವವರಾರು? ತೋಟದೊಡೆಯರು ಭರತಖಂಡದ ಕಡೆಗೆ ಕಣ್ಣು ಹಾಯಿಸಿದರು. 1834ನೆಯ ನವೆಂಬರ್ 2ನೆಯ ತಾರೀಖು ಅಟ್ಲಾಸ್ ಎಂಬ ಹಡಗು ಕಲ್ಕತ್ತೆಯಿಂದ 36 ಕೂಲಿಗಳನ್ನು ತಂದು ಪೋರ್ಟ್ ಲೂಯಿಯಲ್ಲಿ ಇಳಿಸಿತು. ಐದು ವರ್ಷದ ಕರಾರು. ಗಂಡಾಳಿಗೆ ತಿಂಗಳಿಗೆ ಐದು ರೂಪಾಯಿ ಸಂಬಳ. ಕರಾರನ್ನು ಓದಿ ಹೇಳಿದವರು ಬೇರೆ. ಅದರ ಕೆಳಗೆ ಗುರುತು ಹಾಕಿದವರು ಬೇರೆ. ಅಗ್ರಿಮೆಂಟು ಎಂಬ ಆಂಗ್ಲ ಶಬ್ದವು ಕೂಲಿಗಳ ಬಾಯಲ್ಲಿ ಗಿರ್‌ಮಿಟ್ ಎಂದಾಯಿತು.

ಮುಂದಿನ ಮುಕ್ಕಾಲು ಶತಮಾನದಲ್ಲಿ ಕಲ್ಕತ್ತೆ, ಮದರಾಸು, ಬೊಂಬಾಯಿ ಬಂದರುಗಳಿಂದ ಸುಮಾರು ನಾಲ್ಕೂವರೆ ಲಕ್ಷ ಜನರು ಆ ದ್ವೀಪಕ್ಕೆ ಹೋದರು. ಬಿಹಾರದ ಭೋಜಪುರಿ ಮಾತಿನವರೇ ಹೆಚ್ಚು. ತಮಿಳರು, ತೆಲುಗರು, ಮರಾಠರೂ ಇದ್ದರು. ಬರಗಾಲ, ಸಾಲ, ಮನೆಯ ಜಗಳ, ದಲ್ಲಾಳಿಗಳ ಸಿಹಿಮಾತು ಮೊದಲಾದುವು ಅವರನ್ನು ಹಡಗಿನವರೆಗೆ ಎಳೆದವು. ಬಂದರಿನಲ್ಲಿ ಇಳಿದ ಕೂಡಲೇ ಹದಿನಾರು ಕಲ್ಲಿನ ಮೆಟ್ಟಿಲುಗಳನ್ನು ಹತ್ತಿ ಡಿಪೋಗೆ ಬರಬೇಕಾಗಿತ್ತು. ಆಪ್ರವಾಸಿ ಘಾಟ್ ಎಂದು ಈಗ ಕರೆಯಲ್ಪಡುವ ಆ ಸ್ಥಳವು 2006ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ತೋಟದ ಜೀವನವು ಕಠಿನವಾಗಿತ್ತು. ಒಂದು ದಿನ ಕೆಲಸಕ್ಕೆ ತಪ್ಪಿದರೆ ಎರಡು ದಿನದ ಕೂಲಿಯನ್ನು ಕತ್ತರಿಸುತ್ತಿದ್ದರು. ಕರಾರು ಮುಗಿದವನೂ ಚೀಟಿಯಿಲ್ಲದೆ ಒಂದು ಜಿಲ್ಲೆಯಿಂದ ಮತ್ತೊಂದಕ್ಕೆ ಹೋದರೆ ಸೆರೆಮನೆ ಕಾದಿತ್ತು. ಮೊದಮೊದಲು ಬಂದವರಲ್ಲಿ ಸ್ತ್ರೀಯರು ಬಹಳ ಕಡಿಮೆ. ಮುಂದೆ ಸರ್ಕಾರವು ಗಂಡಸರ ಸಂಖ್ಯೆಗೆ ತಕ್ಕಷ್ಟು ಸ್ತ್ರೀಯರನ್ನೂ ಕರೆತರಬೇಕೆಂದು ನಿಯಮಿಸಿತು. ಅವರು ಬಂದ ಮೇಲೆಯೇ ಸಾಲುಗುಡಿಸಲುಗಳು ಸಂಸಾರಗಳಾದುವು. ಹಬ್ಬಹರಿದಿನಗಳೂ, ಮದುವೆಯ ಹಾಡುಗಳೂ, ತವರಿನ ಅಡಿಗೆಗಳೂ ಆ ಪರದೇಶದಲ್ಲಿ ಬೇರೂರಿದವು. 1866ರಿಂದ 1868ರವರೆಗೆ ಹಬ್ಬಿದ ಮಲೇರಿಯಾ ಜ್ವರದಲ್ಲಿ ಹತ್ತಾರು ಸಾವಿರ ಜನರು ಸತ್ತರು.

ಅಕ್ಷರದಿಂದ ಹಕ್ಕು

1871ರಲ್ಲಿ ಹಳೆಯ ಕೂಲಿಗಳು ತಮ್ಮ ಕಷ್ಟಗಳನ್ನು ಬರೆದು ಗವರ್ನರನಿಗೆ ಒಂದು ಮನವಿಯನ್ನು ಸಲ್ಲಿಸಿದರು. ಪ್ಲೆವಿಟ್ಸ್ ಎಂಬ ನ್ಯಾಯಪರನಾದ ಯೂರೋಪಿಯನ್ ಗೃಹಸ್ಥನು ಅದನ್ನು ಸಿದ್ಧಪಡಿಸಲು ನೆರವಾದನು. ಅದಕ್ಕೆ 9,401 ಮಂದಿ ತಮ್ಮ ರುಜುವನ್ನೋ ಗುರುತನ್ನೋ ಹಾಕಿದ್ದರು. ತೋಟದೊಡೆಯರು ಪ್ಲೆವಿಟ್ಸನ ಮೇಲೆ ಕ್ರೋಧಗೊಂಡರು. ಆದರೆ ಲಂಡನ್ನಿನಿಂದ ವಿಚಾರಣಾ ಸಮಿತಿಯೊಂದು ಬಂದಿತು. 1875ರಲ್ಲಿ ಪ್ರಕಟವಾದ ಅದರ ವರದಿಯು ಕೂಲಿಗಳ ದೂರುಗಳಲ್ಲಿ ಹುರುಳಿರುವುದೆಂದು ಒಪ್ಪಿತು. ಗುರುತು ಹಾಕಿ ಬಂಧನಕ್ಕೊಳಗಾದ ಜನರು ಗುರುತು ಹಾಕಿಯೇ ನ್ಯಾಯವನ್ನು ಕೇಳಿದ ಮೊದಲನೆಯ ದೊಡ್ಡ ಸಂದರ್ಭವಿದು.

1901ರಲ್ಲಿ ದಕ್ಷಿಣ ಆಫ್ರಿಕದಿಂದ ಸ್ವದೇಶಕ್ಕೆ ಹಿಂದಿರುಗುತ್ತಿದ್ದ ಗಾಂಧಿಯವರ ಹಡಗು ಪೋರ್ಟ್ ಲೂಯಿಯಲ್ಲಿ ನಿಂತಿತು. ಅವರು ಅಲ್ಲಿ ಸುಮಾರು ಮೂರು ವಾರವಿದ್ದು, ಮಕ್ಕಳಿಗೆ ವಿದ್ಯೆ ಕೊಡಿಸಬೇಕೆಂದೂ, ರಾಜಕೀಯದಲ್ಲಿ ಆಸಕ್ತಿ ವಹಿಸಬೇಕೆಂದೂ ಭಾರತೀಯರಿಗೆ ಬುದ್ಧಿವಾದ ಹೇಳಿದರು. 1907ರಲ್ಲಿ ಅವರ ಪ್ರೇರಣೆಯಿಂದ ಮಣಿಲಾಲ್ ಡಾಕ್ಟರ್ ಎಂಬ ನ್ಯಾಯವಾದಿಯು ಬಂದು ಕೂಲಿಗಳ ಪರವಾಗಿ ವಾದಿಸಿದರು. ಹಳ್ಳಿಗಳಲ್ಲಿ ಬೈಠಕ್ ಎಂಬ ಹೆಸರಿನ ಗುಡಿಸಲುಗಳಿದ್ದುವು. ಹಗಲೆಲ್ಲ ಗದ್ದೆಯಲ್ಲಿ ದುಡಿದು ಬಂದವರು ಸಂಜೆ ಅಲ್ಲಿ ದೀಪದ ಬೆಳಕಿನಲ್ಲಿ ಅಕ್ಷರಗಳನ್ನು ತಿದ್ದುತ್ತಿದ್ದರು, ಮಕ್ಕಳಿಗೂ ತಿದ್ದಿಸುತ್ತಿದ್ದರು. ಈ ಬಡ ಪಾಠಶಾಲೆಗಳ ಬೆಲೆಯು ಆಗ ಯಾರಿಗೂ ಪೂರ್ತಿಯಾಗಿ ತಿಳಿದಿರಲಿಲ್ಲ.

ಅದು ತಿಳಿದುಬಂದುದು 1948ರಲ್ಲಿ. ಅದುವರೆಗೆ ಮತಾಧಿಕಾರವು ಆಸ್ತಿವಂತರಿಗೆ ಮಾತ್ರ ಇದ್ದು, ಮತದಾರರು ಸುಮಾರು 12,000 ಮಂದಿಯಷ್ಟೇ ಇದ್ದರು. 1947ರ ಹೊಸ ರಾಜ್ಯಾಂಗವು, ದ್ವೀಪದಲ್ಲಿ ಬಳಕೆಯಲ್ಲಿರುವ ಯಾವುದಾದರೊಂದು ಭಾಷೆಯಲ್ಲಿ ಸರಳ ವಾಕ್ಯಗಳನ್ನು ಓದಿ ಬರೆಯಬಲ್ಲ ಸ್ತ್ರೀಪುರುಷರಿಬ್ಬರಿಗೂ ಮತವನ್ನು ಕೊಟ್ಟಿತು. ಬಸದೇವ್ ಬಿಸುಂದಯಾಳರೂ ಅವರ ಸಂಗಡಿಗರೂ ಹಳ್ಳಿಹಳ್ಳಿಗೆ ಹೋಗಿ ಕೂಲಿಕಾರರಿಗೆ ಓದುಬರಹ ಕಲಿಸಿದರು. ಮತದಾರರ ಪಟ್ಟಿಯು ಒಮ್ಮೆಗೇ 70,000ವನ್ನು ಮೀರಿತು. ಆ ವರ್ಷದ ಚುನಾವಣೆಯಲ್ಲಿ ತೋಟದೊಡೆಯರ ಶಾಸನಸಭೆಯು ದುಡಿಯುವವರ ಪ್ರತಿನಿಧಿಗಳಿಂದ ತುಂಬಿತು. ಎಮಿಲಿಯೆನ್ ರೋಷ್‌ಕೂಸ್ತ್ ಎಂಬ ಮಹಿಳೆಯೂ ಚುನಾಯಿತರಾದರು. ಒಂದು ವಾಕ್ಯವನ್ನು ಬರೆಯಬಲ್ಲ ಕೈಗೆ ರಾಜ್ಯವನ್ನು ನಡೆಯಿಸುವ ಪಾಲು ದೊರೆತ ಇಂಥ ನಿದರ್ಶನಗಳು ಚರಿತ್ರೆಯಲ್ಲಿ ಹೆಚ್ಚಾಗಿಲ್ಲ. 1959ರಲ್ಲಿ ವಯಸ್ಕರೆಲ್ಲರಿಗೂ ಮತಾಧಿಕಾರವು ಲಭಿಸಿತು.

ಸ್ವಾತಂತ್ರ್ಯ ಮತ್ತು ಈಗಿನ ಸ್ಥಿತಿ

1968ನೆಯ ಮಾರ್ಚ್ 12ರಂದು ಮಾರಿಷಸ್ ಸ್ವತಂತ್ರವಾಯಿತು. ಬಿಹಾರದಿಂದ ಬಂದ ಕೂಲಿಯ ಮಗನಾದ ಶಿವಸಾಗರ ರಾಮಗುಲಾಮರು ಮೊದಲನೆಯ ಪ್ರಧಾನಮಂತ್ರಿಗಳಾದರು. 1992ರಲ್ಲಿ ಅದೇ ತಾರೀಖು ಅದು ಗಣರಾಜ್ಯವಾಯಿತು. ದಾರಿಯು ಸುಗಮವಾಗಿರಲಿಲ್ಲ. ಜನಸಂಖ್ಯೆ ಹೆಚ್ಚು, ಬೆಳೆ ಒಂದೇ ಎಂಬ ಕಾರಣದಿಂದ ಅದರ ಭವಿಷ್ಯವು ಮಂಕಾಗಿರುವುದೆಂದು ಜೇಮ್ಸ್ ಮೀಡ್ ಎಂಬ ಅರ್ಥಶಾಸ್ತ್ರಜ್ಞನು 1961ರಲ್ಲಿ ಅಭಿಪ್ರಾಯಪಟ್ಟಿದ್ದನು. 1967ರ ಚುನಾವಣೆಯಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮತಗಳು ಸ್ವಾತಂತ್ರ್ಯಕ್ಕೆ ವಿರೋಧವಾದ ಪಕ್ಷಕ್ಕೆ ಬಿದ್ದುವು. ಸ್ವಾತಂತ್ರ್ಯಕ್ಕೆ ಎರಡು ತಿಂಗಳ ಮುಂಚೆ ರಾಜಧಾನಿಯಲ್ಲಿ ಕೋಮುಗಲಭೆಯೂ ನಡೆಯಿತು. ಆದರೂ ಆ ರಾಷ್ಟ್ರವು ಒಡೆಯಲಿಲ್ಲ. ಸಕ್ಕರೆಯ ಜೊತೆಗೆ ಬಟ್ಟೆಯ ಕಾರ್ಖಾನೆಗಳು, ಪ್ರವಾಸಿಗರ ವಸತಿಗಳು, ಬ್ಯಾಂಕು ವ್ಯವಹಾರಗಳು ಬೆಳೆದು, ಆಫ್ರಿಕ ಖಂಡಕ್ಕೆ ಸೇರಿದ ರಾಷ್ಟ್ರಗಳಲ್ಲಿ ಅನುಕೂಲಸ್ಥವಾದವುಗಳ ಸಾಲಿಗೆ ಅದು ಬಂದಿದೆ. 1977ರಿಂದ ಪ್ರೌಢಶಿಕ್ಷಣವನ್ನು ಉಚಿತವಾಗಿ ಮಾಡಿದುದು ಇದಕ್ಕೆ ಬಲು ಸಹಾಯಕವಾಯಿತು. ಮೊದಲು ಗಂಡುಮಕ್ಕಳಿಗೆ ಮಾತ್ರ ಶುಲ್ಕ ಕೊಡಲು ಶಕ್ತಿಯಿದ್ದ ಮನೆಗಳಿಂದ ಆಗ ಹೆಣ್ಣುಮಕ್ಕಳೂ ಪ್ರೌಢಶಾಲೆಗೆ ಬಂದರು. 2015ರಲ್ಲಿ ಅಮೀನಾ ಗುರೀಬ್ ಫಕೀಮ್ ಎಂಬ ವಿಜ್ಞಾನಿಯು ಆ ರಾಷ್ಟ್ರದ ಅಧ್ಯಕ್ಷಪದವಿಗೆ ಆಯ್ಕೆಯಾದ ಮೊದಲನೆಯ ಮಹಿಳೆಯಾದರು.

ಜನರಲ್ಲಿ ಸುಮಾರು ಅರ್ಧದಷ್ಟು ಮಂದಿ ಹಿಂದೂಗಳು. ಮೂರನೆಯ ಒಂದು ಪಾಲಿನಷ್ಟು ಕ್ರೈಸ್ತರು. ಆರನೆಯ ಒಂದು ಪಾಲಿನಷ್ಟು ಮುಸಲ್ಮಾನರು. ಚೀನ ಮೂಲದವರೂ ಉಂಟು. ಶಾಸನಸಭೆಯ ಭಾಷೆ ಇಂಗ್ಲಿಷು; ಪತ್ರಿಕೆಗಳು ಬಹುಮಟ್ಟಿಗೆ ಫ್ರೆಂಚ್ ಭಾಷೆಯವು; ಮನೆಯಲ್ಲಿ ಹೆಚ್ಚಿನವರು ಆಡುವುದು ಗುಲಾಮರ ಕಾಲದಲ್ಲಿ ಹುಟ್ಟಿದ ಕ್ರಿಯೋಲ್ ಮಾತು. ನಾಣ್ಯಕ್ಕೆ ರೂಪಾಯಿ ಎಂದೇ ಹೆಸರು. ಶಿವರಾತ್ರಿಯಲ್ಲಿ ಗಂಗಾ ತಲಾವ್ ಎಂಬ ಬೆಟ್ಟದ ಕೆರೆಗೆ ಲಕ್ಷಾಂತರ ಜನರು ಕಾಲ್ನಡಿಗೆಯಿಂದ ಹೋಗುವರು. ಬಿಡುಗಡೆ ಹೊಂದಿದ ಗುಲಾಮರ ಸೇವೆಯಲ್ಲಿ ಬಾಳನ್ನು ಸವೆಯಿಸಿ 1864ರಲ್ಲಿ ತೀರಿಕೊಂಡ ಪಾದ್ರಿ ಲವಾಲರ ಸಮಾಧಿಗೆ ಸೆಪ್ಟೆಂಬರಿನಲ್ಲಿ ಎಲ್ಲ ಮತದವರೂ ಯಾತ್ರೆ ಮಾಡುವರು.

ಒಂದು ಗಾಯವು ಮಾತ್ರ ಬಹುಕಾಲ ಮಾಯಲಿಲ್ಲ. ಸ್ವಾತಂತ್ರ್ಯಕ್ಕೆ ಮುಂಚೆ, 1965ರಲ್ಲಿ, ಬ್ರಿಟಿಷ್ ಸರ್ಕಾರವು ಚಾಗೋಸ್ ದ್ವೀಪಗಳನ್ನು ಮಾರಿಷಸ್ಸಿನಿಂದ ಬೇರ್ಪಡಿಸಿತು. ಅವುಗಳಲ್ಲಿ ದೊಡ್ಡದಾದ ಡಿಯಾಗೋ ಗಾರ್ಸಿಯದಲ್ಲಿ ಅಮೆರಿಕದ ಸೈನ್ಯದ ನೆಲೆಗಾಗಿ ಸ್ಥಳ ಮಾಡಿಕೊಡಲು, 1973ರೊಳಗೆ ಅಲ್ಲಿನ ಸಾವಿರಾರು ನಿವಾಸಿಗಳನ್ನು ಹಡಗು ಹತ್ತಿಸಿ ಹೊರದೂಡಿದರು. ಗುಲಾಮರ ಸಂತತಿಯವರಾದ ಅವರು ಎರಡನೆಯ ಬಾರಿ ಮನೆಮಠ ಕಳೆದುಕೊಂಡರು. ಅವರ ಸ್ತ್ರೀಯರು ಪೋರ್ಟ್ ಲೂಯಿಯ ಬೀದಿಗಳಲ್ಲಿ ಉಪವಾಸವಿದ್ದು ನ್ಯಾಯ ಕೇಳಿದರು. ಬೇರ್ಪಡಿಸಿದುದು ನ್ಯಾಯಸಮ್ಮತವಲ್ಲವೆಂದು 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವು ಅಭಿಪ್ರಾಯವಿತ್ತಿತು. 2025ರ ಮೇ ತಿಂಗಳಲ್ಲಿ ಆ ದ್ವೀಪಗಳ ಒಡೆತನವನ್ನು ಮಾರಿಷಸ್ಸಿಗೆ ಕೊಡುವ ಒಪ್ಪಂದಕ್ಕೆ ಎರಡು ಸರ್ಕಾರಗಳೂ ರುಜುಮಾಡಿದವು.

ಇದು ಮಾರಿಷಸ್ಸಿನ ಸಂಕ್ಷೇಪ ಚರಿತ್ರೆ. ಆಳಿದವರು ಮೂರು ಸಲ ಬದಲಾದರು, ಹೆಸರುಗಳು ಬದಲಾದವು, ಆದರೆ ನಾಡನ್ನು ಕಟ್ಟಿದವರು ಹಡಗಿನ ತಳದಲ್ಲಿ ಬಂದ ಹೆಸರಿಲ್ಲದ ಜನರು. ಅವರಿಗೆ ಸೈನ್ಯವಿರಲಿಲ್ಲ, ಧನವಿರಲಿಲ್ಲ. ಪರರು ಬರೆದ ಕಾಗದಕ್ಕೆ ಕಣ್ಣುಮುಚ್ಚಿ ಗುರುತು ಹಾಕಿದವರ ಮೊಮ್ಮಕ್ಕಳು ತಮ್ಮ ಕಾಗದವನ್ನು ತಾವೇ ಓದಿ, ತಾವೇ ಬರೆಯಲು ಕಲಿತರು. ಉಳಿದುದೆಲ್ಲ ಅದರ ಹಿಂದೆ ಬಂದಿತು. ನಮ್ಮ ಸೀಮೆಯಲ್ಲಿಯೂ ಸಾಲದ ಪತ್ರ, ಜಮೀನಿನ ಪತ್ರಗಳಿಗೆ ಹೆಬ್ಬೆಟ್ಟೊತ್ತಿ ಕೆಟ್ಟ ಮನೆಗಳು ಎಷ್ಟೋ ಉಂಟು. ಒಂದು ಹೆಣ್ಣುಮಗುವು ಸ್ಲೇಟಿನ ಮೇಲೆ ಮೊದಲ ಅಕ್ಷರವನ್ನು ತಿದ್ದುವಾಗ ಅದರೊಡನೆ ಆ ಮನೆಯವರೆಲ್ಲರ ಹಕ್ಕೂ ಕೂಡಿಕೊಂಡಿರುವುದೆಂಬುದನ್ನು ತಂದೆತಾಯಿಗಳು ಮರೆಯದಿರಲಿ.